ಬಿಚ್ಚಿ ಮತ್ತೆ ಹೆಣೆಯುವ ಕೆಲಸ

ಕ್ರೋಷಾ ಕಡ್ಡಿಯನ್ನು ಮೊದಲ ಸಲ ಹಿಡಿದವರು ಹೆಣೆದ ಚೌಕ ಸಾಮಾನ್ಯವಾಗಿ ಚೌಕವಾಗಿರುವುದಿಲ್ಲ. ಇಪ್ಪತ್ತು ಕುಣಿಕೆಗಳಿಂದ ಶುರುವಾದದ್ದು ನಾಲ್ಕನೆಯ ಸಾಲಿಗೆ ಹದಿನೆಂಟಾಗಿರುತ್ತದೆ, ಎಂಟನೆಯ ಸಾಲಿಗೆ ಹದಿನೈದು. ತುಂಡು ಮೇಲೆ ಹೋದಂತೆಲ್ಲ ಕಿರಿದಾಗುತ್ತಾ ಗೋಪುರದ ಆಕಾರಕ್ಕೆ ಬರುತ್ತದೆ. ಇದಕ್ಕೆ ಬಹುಮಟ್ಟಿಗೆ ಕಾರಣ ಒಂದೇ. ಸಾಲಿನ ಕೊನೆಯ ಕುಣಿಕೆ ಅಂಚಿಗೆ ಅಂಟಿಕೊಂಡು ಕಣ್ಣಿಗೆ ಮರೆಯಾಗಿರುತ್ತದೆ, ಕೈ ಅದನ್ನು ಬಿಟ್ಟು ಹಿಂದಕ್ಕೆ ತಿರುಗಿಬಿಡುತ್ತದೆ. ಇದು ಗೊತ್ತಾದಾಗ ಮಾಡಬೇಕಾದದ್ದು ಕಡ್ಡಿ ಹೊರತೆಗೆದು ದಾರದ ತುದಿ ಎಳೆಯುವುದು, ಅಷ್ಟೆ. ಎಂಟು ಸಾಲೂ ಸರಸರನೆ ಬಿಚ್ಚಿಕೊಂಡು, ಸ್ವಲ್ಪ ಸುಕ್ಕಾದ ಅದೇ ದಾರ ಕೈಗೆ ವಾಪಸು ಬರುತ್ತದೆ. ಅರ್ಧ ಗಂಟೆ ಹೋಯಿತು, ಕೊನೆಯ ಕುಣಿಕೆ ಎಲ್ಲಿ ಅಡಗಿರುತ್ತದೆ ಎಂಬ ತಿಳಿವಳಿಕೆ ಉಳಿಯಿತು. ಇದೇ ಹೊಸಬರು ರೆಸಿನ್ ಸುರಿದು ಟ್ರೇ ಮಾಡಲು ಕೂತರೆ ಲೆಕ್ಕ ಬೇರೆ. ಎರಡು ದ್ರವಗಳ ಅಳತೆ ತುಸು ತಪ್ಪಿದರೆ ಅದು ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಅದನ್ನು ಬಿಚ್ಚಲಾಗದು, ಕರಗಿಸಿ ಮತ್ತೆ ಎರಕ ಹೊಯ್ಯಲಾಗದು, ಕಸದ ಡಬ್ಬಿಗೆ ಹಾಕಬೇಕು. ಕೈಕೆಲಸವನ್ನು ಹವ್ಯಾಸವಾಗಿ ಹಿಡಿಯಲು ಹೊರಟವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಈ ವ್ಯತ್ಯಾಸದಲ್ಲಿದೆ ಎಂಬುದು ಈ ಲೇಖನದ ವಾದ. ಮುಗಿದ ವಸ್ತು ಎಷ್ಟು ಚೆಂದ ಕಾಣುತ್ತದೆ ಎಂದು ಎಲ್ಲರೂ ನೋಡುತ್ತಾರೆ. ತಪ್ಪಿದಾಗ ಎಷ್ಟು ಬೆಲೆ ತೆರಬೇಕು, ಎಷ್ಟು ಬೇಗ ಮತ್ತೆ ಶುರು ಮಾಡಬಹುದು ಎಂದು ಕೇಳುವವರು ಕಡಿಮೆ.

ಈ ಪ್ರಶ್ನೆಯನ್ನು ಇಟ್ಟು ನೋಡಲು ಬೆಂಗಳೂರಿನ ಹೊರವಲಯದಷ್ಟು ತಕ್ಕ ಜಾಗ ಇನ್ನೊಂದಿಲ್ಲ. 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬುನಾದಿ ಹಾಕಿತು. 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡ್, 1990ರ ದಶಕದ ಕೊನೆಗೆ ಐಟಿಪಿಎಲ್ ಟೆಕ್ ಪಾರ್ಕ್ ಬಂದ ಮೇಲೆ ಗುರುತು ಸಿಗದಷ್ಟು ಬದಲಾಯಿತು. ಊರಿನ ಇನ್ನೊಂದು ದಿಕ್ಕಿನಲ್ಲಿ ಪೀಣ್ಯ ಇದೆ; ಲೇತು, ಮಿಲ್ಲಿಂಗ್, ಗ್ರೈಂಡಿಂಗ್ ಯಂತ್ರಗಳ ಮುಂದೆ ಜಾಬ್ ವರ್ಕ್ ಮಾಡುವ ಸಾವಿರಾರು ಸಣ್ಣ ಕಾರ್ಖಾನೆಗಳು, ಅವುಗಳ ನಡುವೆ ಗಾರ್ಮೆಂಟ್ಸ್ ಘಟಕಗಳು. ಈ ಎರಡು ಲೋಕಗಳಲ್ಲಿ ತಪ್ಪಿನ ಅರ್ಥವೇ ಬೇರೆ ಬೇರೆ. ಸಾಫ್ಟ್‌ವೇರ್ ಬರೆಯುವವರಿಗೆ ತಪ್ಪು ದಿನದ ಊಟದಂತೆ. ಎರಡು ಗುಂಡಿ ಒತ್ತಿದರೆ ಹಿಂದಿನ ಸ್ಥಿತಿ ಬರುತ್ತದೆ, ಹಳೆಯ ಆವೃತ್ತಿಗಳೆಲ್ಲ ಭದ್ರವಾಗಿರುತ್ತವೆ. ಆದರೆ ಅವರ ಬೆರಳಿಗೆ ಎದುರಾಡುವ ವಸ್ತುವೇ ಇಲ್ಲ. ಮಣ್ಣು ಜಾರುತ್ತದೆ, ಮರ ಸಿಗಿಯುತ್ತದೆ, ದಾರ ಸಿಕ್ಕಾಗುತ್ತದೆ ಎಂಬುದು ಅವರ ದಿನಚರಿಯಲ್ಲಿಲ್ಲ. ಪೀಣ್ಯದ ಟರ್ನರ್‌ಗೆ ವಸ್ತುವಿನ ಎದುರಾಟ ಚೆನ್ನಾಗಿ ಗೊತ್ತು. ಆದರೆ ಡ್ರಾಯಿಂಗ್‌ನಲ್ಲಿ ಕೊಟ್ಟ ಅಳತೆಗಿಂತ ಕೂದಲೆಳೆಯಷ್ಟು ಹೆಚ್ಚು ತೆಗೆದರೆ ಆ ಪೀಸ್ ರಿಜೆಕ್ಟ್. ಸಣ್ಣ ಶೆಡ್ಡಿನ ಆ ದಿನದ ಲಾಭವೇ ಹೋಗಬಹುದು. ಒಬ್ಬರಿಗೆ ತಪ್ಪು ಪುಕ್ಕಟೆ, ಕೈ ಮಾತ್ರ ಪಳಗಿಲ್ಲ. ಇನ್ನೊಬ್ಬರಿಗೆ ಕೈ ಪಳಗಿದೆ, ತಪ್ಪು ಮಾತ್ರ ಕೈಗೆಟುಕದಷ್ಟು ದುಬಾರಿ. ಹವ್ಯಾಸವಾಗಿ ಹಿಡಿದ ಕೈಕೆಲಸ ಇಬ್ಬರಿಗೂ ಕೊಡಬಲ್ಲದ್ದು ಒಂದೇ: ನಿಜವಾದ ವಸ್ತುವಿನ ಮೇಲೆ, ಕೈಗೆಟುಕುವ ಬೆಲೆಗೆ ತಪ್ಪು ಮಾಡುವ ಅವಕಾಶ.

ವಾರಾಂತ್ಯಗಳಲ್ಲಿ ಈ ಭಾಗದ ಕೆಫೆಗಳಲ್ಲಿ, ಅಪಾರ್ಟ್‌ಮೆಂಟುಗಳ ಕ್ಲಬ್‌ಹೌಸುಗಳಲ್ಲಿ ನಡೆಯುವ ಎರಡು ಗಂಟೆಯ ವರ್ಕ್‌ಶಾಪುಗಳು ಈ ಅವಕಾಶವನ್ನು ಕೊಡುತ್ತಿಲ್ಲ ಎಂಬುದೇ ಅವುಗಳ ಬಗೆಗಿನ ಮುಖ್ಯ ತಕರಾರು. ಕುಂಬಾರಿಕೆಯನ್ನೇ ತೆಗೆದುಕೊಳ್ಳಿ. ತಿರುಗುವ ತಿಗರಿಯ ಮೇಲೆ ಮಣ್ಣಿನ ಮುದ್ದೆಯನ್ನು ನಟ್ಟನಡುವಿಗೆ ತಂದು ನಿಲ್ಲಿಸುವುದು ಆ ಕೆಲಸದಲ್ಲಿ ಅತ್ಯಂತ ಕಷ್ಟದ ಘಟ್ಟ. ಮೊಣಕೈಯನ್ನು ತೊಡೆಗೋ ಪಕ್ಕೆಗೋ ಊರಿ, ಅಂಗೈಯನ್ನು ಅಲುಗಾಡದಂತೆ ಒತ್ತಿ ಹಿಡಿದರೆ ಮುದ್ದೆ ತಾನಾಗಿ ನಡುವಿಗೆ ಸರಿಯುತ್ತದೆ. ಕೈ ಮುದ್ದೆಯ ಜೊತೆ ಓಲಾಡಿದರೆ ಮುದ್ದೆಯೂ ಓಲಾಡುತ್ತಲೇ ಇರುತ್ತದೆ. ಇದು ಬರದೆ ಬಟ್ಟಲಿನ ಗೋಡೆ ಎತ್ತಲು ಹೋದರೆ ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳು, ಕೊನೆಗೆ ಕುಸಿತ. ಎರಡು ಗಂಟೆಯ ತರಗತಿಯಲ್ಲಿ ಈ ಘಟ್ಟವನ್ನು ಕಲಿಸುವವರೇ ದಾಟಿಸಿಬಿಡುತ್ತಾರೆ. ಕಲಿಯಲು ಬಂದವರು ನಡುವೆ ಬೆರಳಿಟ್ಟು ಬಾಯಿ ಅಗಲಿಸುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ. ಕೆಲವು ವಾರಗಳ ನಂತರ ಸುಟ್ಟು ಗ್ಲೇಜ್ ಮಾಡಿದ ಬಟ್ಟಲು ಕೈಸೇರುತ್ತದೆ. ವಸ್ತು ಮನೆಗೆ ಬಂತು, ಅದನ್ನು ಮಾಡುವ ಕೈ ವರ್ಕ್‌ಶಾಪಿನಲ್ಲೇ ಉಳಿಯಿತು. ಕಲಿಸುವವರದು ತಪ್ಪೆಂದು ಹೇಳುವಂತಿಲ್ಲ. ದುಡ್ಡು ಕೊಟ್ಟು ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಕಾಳಜಿಯಿಂದಲೇ ಹೀಗಾಗುತ್ತದೆ. ಆದರೆ ಆ ಕಾಳಜಿ ಮರೆಮಾಡುವುದು ಕಲಿಯಬೇಕಾಗಿದ್ದ ತಪ್ಪನ್ನೇ.

ಇದಕ್ಕೆ ವರ್ಕ್‌ಶಾಪುಗಳ ಪರವಾಗಿ ಗಟ್ಟಿಯಾದ ಉತ್ತರವೊಂದಿದೆ. ಮೈಕೆಲ್ ನಾರ್ಟನ್, ಡೇನಿಯಲ್ ಮೊಚೊನ್, ಡ್ಯಾನ್ ಏರಿಯಲಿ ಎಂಬ ಮೂವರು 2012ರಲ್ಲಿ ಪ್ರಕಟಿಸಿದ ಅಧ್ಯಯನ ‘ಐಕಿಯಾ ಪರಿಣಾಮ’ ಎಂದೇ ಹೆಸರಾಯಿತು. ಬಿಡಿಭಾಗಗಳನ್ನು ಗ್ರಾಹಕರೇ ಜೋಡಿಸಿಕೊಳ್ಳುವ ಪೀಠೋಪಕರಣ ಮಾರುವ ಆ ಕಂಪನಿಯ ಮಳಿಗೆ 2022ರ ಜೂನ್‌ನಿಂದ ಪೀಣ್ಯದ ಪಕ್ಕದ ನಾಗಸಂದ್ರದಲ್ಲೇ ಇದೆ. ಪ್ರಯೋಗದಲ್ಲಿ ಕೆಲವರಿಗೆ ಕಾಗದ ಮಡಚಿ ಕಪ್ಪೆ, ಕೊಕ್ಕರೆ ಮಾಡಲು ಹೇಳಿ, ಅದಕ್ಕೆ ಅವರೇ ಎಷ್ಟು ಕೊಡುತ್ತಾರೆಂದು ಕೇಳಲಾಯಿತು. ಸುಕ್ಕುಸುಕ್ಕಾದ ತಮ್ಮ ಕಪ್ಪೆಗೆ ಅವರು ಕಟ್ಟಿದ ಬೆಲೆ, ಪಳಗಿದವರು ಮಡಚಿದ ಅಚ್ಚುಕಟ್ಟಾದ ಕಪ್ಪೆಗೆ ಬೇರೆಯವರು ಕಟ್ಟಿದ ಬೆಲೆಯ ಹತ್ತಿರಕ್ಕೆ ಬಂತು. ಅದೇ ಸುಕ್ಕು ಕಪ್ಪೆಗೆ ಹೊರಗಿನವರು ಕಟ್ಟಿದ್ದು ಅದರ ಐದನೆಯ ಒಂದು ಭಾಗದಷ್ಟು. ಇನ್ನೊಂದು ಪ್ರಯೋಗದಲ್ಲಿ ಪೆಟ್ಟಿಗೆ ಜೋಡಿಸುವವರನ್ನು ಅರ್ಧಕ್ಕೇ ನಿಲ್ಲಿಸಿದಾಗ ಈ ಮಮತೆ ಬಹುಮಟ್ಟಿಗೆ ಇಳಿದುಹೋಯಿತು. ಅಂದರೆ ಪೂರ್ತಿ ಮಾಡಿದ್ದೇ ನಮ್ಮದಾಗುತ್ತದೆ, ಅರ್ಧಕ್ಕೆ ಬಿಟ್ಟದ್ದು ನಮ್ಮದಾಗುವುದಿಲ್ಲ. ಹಾಗಾದರೆ ಎರಡು ಗಂಟೆಯಲ್ಲಿ ಏನನ್ನಾದರೂ ಮುಗಿಸಿ ಕೊಡುವ ವರ್ಕ್‌ಶಾಪಿನವರು ಸರಿ ಅಲ್ಲವೇ? ಮುಗಿಸಬೇಕೆಂಬ ಮಟ್ಟಿಗೆ ಸರಿ. ಎಷ್ಟೋ ಮನೆಗಳ ಅಟ್ಟದ ಮೇಲೆ ಎರಡು ಗೇಣು ಹೆಣೆದು ಬಿಟ್ಟ ಉಲ್ಲನ್ ಸ್ವೆಟರುಗಳಿವೆ. ದೊಡ್ಡದಕ್ಕೆ ಕೈಹಾಕಿದ ಹೊಸಬರು ಮುಗಿಸಲಾರದೆ ಸೋಲುತ್ತಾರೆ, ಆ ಸೋಲನ್ನು ತಮ್ಮ ಕೈಯ ದೋಷವೆಂದುಕೊಳ್ಳುತ್ತಾರೆ. ಆದರೆ ಪ್ರಯೋಗದಲ್ಲಿ ಕಪ್ಪೆಯನ್ನು ಮಡಚಿದವರು ಅವರೇ, ಬೇರೆಯವರ ಕೈ ನಡುವೆ ಬರಲಿಲ್ಲ. ಆ ಅಧ್ಯಯನವನ್ನು ನೇರವಾಗಿ ಓದಿದರೆ ಅದು ಹೇಳುವುದು ಮುಗಿಯುವಷ್ಟು ಚಿಕ್ಕದನ್ನು ಆರಿಸಿಕೊಂಡು ಪೂರ್ತಿಯಾಗಿ ನೀವೇ ಮಾಡಿ ಎಂದು. ಲೋಟದ ಕೆಳಗಿಡುವ ಅಂಗೈಯಗಲದ ಚೌಕ ಸಾಕು, ಹೊದಿಕೆ ಬೇಡ.

ಚಿಕ್ಕದನ್ನು ಒಮ್ಮೆ ಮಾಡಿದರೆ ಸಾಲದು, ಹಲವು ಸಲ ಮಾಡಬೇಕು ಎಂಬುದಕ್ಕೆ ಕಬ್ಬಿಣದ ಕೆಲಸದಿಂದ ಸಾಕ್ಷ್ಯ ಸಿಗುತ್ತದೆ. 1920ರ ದಶಕದ ಮಾಸ್ಕೋದಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ವಿಜ್ಞಾನಿ ಉಳಿಯ ತಲೆಗೆ ಸುತ್ತಿಗೆ ಬಡಿಯುವ ಪಳಗಿದ ಕೆಲಸಗಾರರ ಕೈಚಲನೆಯನ್ನು ಕ್ಯಾಮೆರಾದಿಂದ ಹಿಡಿದು ಅಳೆದರು. ಪ್ರತಿ ಪೆಟ್ಟೂ ಉಳಿಯ ತಲೆಗೇ ಬೀಳುತ್ತಿತ್ತು, ಆದರೆ ಭುಜ, ಮೊಣಕೈ, ಮಣಿಕಟ್ಟು ಸಾಗಿದ ದಾರಿ ಒಂದು ಪೆಟ್ಟಿನಲ್ಲಿದ್ದಂತೆ ಇನ್ನೊಂದರಲ್ಲಿ ಇರಲಿಲ್ಲ. ಪಳಗಿದ ಕೈ ಒಂದೇ ಚಲನೆಯನ್ನು ಉರುಹೊಡೆದು ಒಪ್ಪಿಸುತ್ತಿರಲಿಲ್ಲ. ಪ್ರತಿ ಸಲವೂ ಚೂರು ತಪ್ಪಿ, ತಪ್ಪನ್ನು ದಾರಿಯಲ್ಲೇ ಸರಿಪಡಿಸಿಕೊಂಡು ಗುರಿ ಮುಟ್ಟುತ್ತಿತ್ತು. ಕೈ ಪಳಗುವುದೆಂದು ಕನ್ನಡದಲ್ಲಿ ನಾವು ಹೇಳುವುದು ಇದನ್ನೇ. ಕಾಡಾನೆ ಪಳಗುತ್ತದೆ, ಹೊಸ ಎತ್ತು ನೊಗಕ್ಕೆ ಪಳಗುತ್ತದೆ, ಹಾಗೆ ಕೈ ವಸ್ತುವಿನ ಜೊತೆ ಗುದ್ದಾಡುತ್ತ ಪಳಗುತ್ತದೆ. ತಪ್ಪೇ ಆಗದಂತೆ ನೋಡಿಕೊಂಡ ಕೈಗೆ ಸರಿಪಡಿಸಿಕೊಳ್ಳುವುದು ಹೇಗೆ ಗೊತ್ತಾದೀತು?

ಪೀಣ್ಯದ ಕಾರ್ಖಾನೆಗಳಿಗೆ ಜನ ಕಳಿಸುವ ಐಟಿಐಗಳಿಗೆ ಈ ಮಾತು ಹೊಸದಲ್ಲ. ಫಿಟ್ಟರ್ ಟ್ರೇಡಿಗೆ ಸೇರಿದ ಹುಡುಗ ಹುಡುಗಿಯರು ಮೊದಲು ಹಿಡಿಯುವುದು ಅರವನ್ನು, ಯಂತ್ರವನ್ನಲ್ಲ. ವೈಸ್‌ನಲ್ಲಿ ಒಂದು ಕಬ್ಬಿಣದ ಪಟ್ಟಿ ಬಿಗಿದು ಅದರ ಮುಖವನ್ನು ಉಜ್ಜಿ ಉಜ್ಜಿ ಸಪಾಟು ಮಾಡಬೇಕು. ಅರ ಮುಂದೆ ಹೋಗುವಾಗ ಕೈ ತೂಗಿದರೆ ನಡುಭಾಗ ಉಬ್ಬಿ ಅಂಚುಗಳು ಇಳಿಯುತ್ತವೆ. ಪಟ್ಟಿಗೆ ಮೂಲೆಮಟ್ಟ ಇಟ್ಟು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಾಗ ಎಲ್ಲಿ ಬೆಳಕಿನ ಗೆರೆ ನುಸುಳುತ್ತದೋ ಅಲ್ಲಿ ತಗ್ಗಿದೆ ಎಂದು ಅರ್ಥ. ಹೇಳಿಕೊಡುವವರು ಬಾಯಿ ತೆರೆಯಬೇಕಾಗಿಲ್ಲ, ಬೆಳಕೇ ಹೇಳುತ್ತದೆ. ಮತ್ತೆ ಉಜ್ಜು, ಮತ್ತೆ ಎತ್ತಿ ಹಿಡಿ. ಆ ಪಟ್ಟಿಯನ್ನು ಯಾರೂ ಕೊಳ್ಳುವುದಿಲ್ಲ, ಮನೆಗೆ ಒಯ್ದು ಶೋಕೇಸಿನಲ್ಲಿಡುವುದೂ ಇಲ್ಲ. ಆದರೆ ಅಷ್ಟು ದಿನಗಳಲ್ಲಿ ಕೈಗೆ ಬಂದ ಅಂದಾಜು ಮುಂದೆ ಎಂಥ ಯಂತ್ರದ ಮುಂದೆ ನಿಂತರೂ ಜೊತೆಗಿರುತ್ತದೆ. ಹವ್ಯಾಸಿಗೆ ಇಷ್ಟು ಕಠಿಣ ಶಿಸ್ತು ಬೇಕಿಲ್ಲ. ಅದರಲ್ಲಿರುವ ಎರಡು ಅಂಶ ಮಾತ್ರ ಬೇಕು. ತಪ್ಪನ್ನು ವಸ್ತುವೇ ತೋರಿಸಿಕೊಡಬೇಕು, ತೋರಿಸಿದ ಮೇಲೆ ತಿದ್ದಲು ಅದೇ ತುಂಡಿನಲ್ಲಿ ಇನ್ನೂ ಜಾಗವಿರಬೇಕು.

ಈ ಎರಡು ಅಂಶಗಳನ್ನು ಕೈಯಲ್ಲಿ ಹಿಡಿದು ನಮ್ಮ ನಾಡಿನ ಕೈಕೆಲಸಗಳನ್ನು ನೋಡಿದರೆ ಹೊಸಬರಿಗೆ ಧಾರವಾಡ ಸೀಮೆಯ ಕಸೂತಿಯಷ್ಟು ಒಳ್ಳೆಯ ಗುರು ಸಿಗುವುದು ಕಷ್ಟ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ, ತುಳಸಿ ವೃಂದಾವನಗಳನ್ನು ಮೂಡಿಸುವ ಈ ಕೆಲಸಕ್ಕೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಗಾವಂತಿ, ಮುರಗಿ, ನೇಗಿ, ಮೆಂತಿ ಎಂದು ಅದರಲ್ಲಿ ನಾಲ್ಕು ಹೊಲಿಗೆ. ಗಾವಂತಿಯಲ್ಲಿ ಸೂಜಿ ಒಂದು ಟಾಕು ಮೇಲೆ, ಒಂದು ಟಾಕು ಕೆಳಗೆ ಎನ್ನುತ್ತ ಗೆರೆಯ ತುದಿಯವರೆಗೆ ಹೋಗುತ್ತದೆ. ಆಮೇಲೆ ಅದೇ ದಾರಿಯಲ್ಲಿ ಹಿಂತಿರುಗುತ್ತ, ಹೋಗುವಾಗ ಬಿಟ್ಟ ಸಂದುಗಳನ್ನೆಲ್ಲ ತುಂಬುತ್ತದೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಮುಗಿದಾಗ ಬಟ್ಟೆಯ ಮುಂದೆ ಹಿಂದೆ ಎರಡೂ ಕಡೆ ಗೆರೆ ಒಂದೇ ತೆರನಾಗಿರಬೇಕು. ಹೋಗುವಾಗ ಒಂದು ಎಳೆ ತಪ್ಪಿ ಎಣಿಸಿದ್ದರೆ ಬರುವಾಗ ಸೂಜಿಗೆ ತನ್ನ ಜಾಗ ಸಿಗುವುದಿಲ್ಲ. ತೇರಿನ ಕಳಸ ಒಂದು ಎಳೆ ವಾಲಿರುತ್ತದೆ. ಎಲ್ಲಿ ತಪ್ಪಿತೆಂದು ಬಟ್ಟೆಯನ್ನು ತಿರುಗಿಸಿ ನೋಡಿದರೆ ಕಾಣುತ್ತದೆ, ಅಲ್ಲಿಯವರೆಗೆ ದಾರವನ್ನು ಸೂಜಿಯ ಹಿಂತುದಿಯಿಂದ ಎತ್ತಿ ಬಿಡಿಸಿಕೊಂಡು ಬಂದರಾಯಿತು. ಎಳೆಗಳು ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಮ್ಯಾಟಿ ಬಟ್ಟೆಯ ಒಂದು ತುಂಡು, ಎರಡು ಬಣ್ಣದ ದಾರ, ಮೊಂಡು ತುದಿಯ ಒಂದು ಸೂಜಿ ಇದ್ದರೆ ಶುರು ಮಾಡಬಹುದು. ದಿನವಿಡೀ ಕೋಡ್‌ನಲ್ಲಿ ಒಂದು ಅಲ್ಪವಿರಾಮ ಎಲ್ಲಿ ಬಿಟ್ಟುಹೋಯಿತೆಂದು ಹುಡುಕುವವರಿಗೆ ಈ ಎಣಿಕೆ ಅಪರಿಚಿತವೆನಿಸಲಾರದು.

ಕೌದಿಯ ದಾರಿ ಬೇರೆ. ಹಳೆಯ ಸೀರೆ, ಪಂಚೆ, ಮಕ್ಕಳ ಅಂಗಿಗಳ ತುಂಡುಗಳನ್ನು ಒಂದರ ಮೇಲೊಂದು ಹರಡಿ ಉದ್ದಕ್ಕೂ ಕೈಹೊಲಿಗೆ ಓಡಿಸುವ ಈ ಕೆಲಸದಲ್ಲಿ ಸಾಮಗ್ರಿಗೆ ಬೆಲೆಯೇ ಇಲ್ಲ, ಹಾಗಾಗಿ ತಪ್ಪಿಗೂ ಇಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಇದನ್ನು ಕವಂದಿ ಎನ್ನುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಒಳಕ್ಕೆ ಬರುತ್ತಾರೆ, ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂ ಇಟ್ಟು ಮುಗಿಸುತ್ತಾರೆ. ಹೊಲಿಗೆ ವಕ್ರವಾದರೆ ಅದೂ ಬಟ್ಟೆಯ ವಿನ್ಯಾಸದಲ್ಲಿ ಸೇರಿಕೊಳ್ಳುತ್ತದೆ. ಅಳತೆಯ ಶಿಸ್ತಿನಲ್ಲಿ ದಿನ ಕಳೆಯುವವರಿಗೆ ಕಸೂತಿಗಿಂತ ಇದೇ ಹಿತವಾಗಬಹುದು. ಆದರೆ ಪೂರಾ ಕೌದಿ ತಿಂಗಳುಗಟ್ಟಲೆಯ ಕೆಲಸ, ಹೊಸಬರು ತೊಟ್ಟಿಲಿನ ಅಳತೆಯದನ್ನು ಹಿಡಿಯುವುದು ಮೇಲು. ಇನ್ನು ಮಣ್ಣು. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎಂಬ ಗಾದೆ ಸುಟ್ಟ ಮಡಕೆಗೆ ಸಲ್ಲುತ್ತದೆ. ಆವಿಗೆಗೆ ಹೋಗುವ ಮೊದಲು ಮಣ್ಣಿಗಿಂತ ಕ್ಷಮೆಯುಳ್ಳ ವಸ್ತು ಇಲ್ಲ. ಒಣಗಿ ಒಡೆದ ಬಟ್ಟಲನ್ನೂ ನೀರಿಗೆ ಹಾಕಿದರೆ ಕರಗಿ ಕೆಸರಾಗುತ್ತದೆ, ಬಟ್ಟೆಯ ಮೇಲೆ ಹರಡಿ ಹದಕ್ಕೆ ತಂದು ಮಿದ್ದಿದರೆ ಮತ್ತೆ ಮುದ್ದೆ. ಆದ್ದರಿಂದ ಮೊದಲ ಹತ್ತು ಬಟ್ಟಲುಗಳನ್ನು ಸುಡಿಸದಿರುವುದೇ ಜಾಣತನ. ಎರಡು ಗಂಟೆಯ ತರಗತಿಗಳು ಒಪ್ಪದ ಸಲಹೆ ಇದೊಂದೇ ಇರಬೇಕು. ತಿಗರಿ ಇಲ್ಲದೆಯೂ ಬತ್ತಿ ಹೊಸೆದು ಸುತ್ತಿ, ಬೆರಳಿನಿಂದ ಒತ್ತಿ ಬಟ್ಟಲು ಮಾಡಬಹುದು. ವೈಟ್‌ಫೀಲ್ಡಿನಿಂದ ರೈಲಿನಲ್ಲಿ ದೇವನಗೊಂದಿ ದಾಟಿದರೆ ಸಿಗುವ ಮಾಲೂರು ಹೆಂಚು, ಇಟ್ಟಿಗೆಗೆ ಹೆಸರಾದ ಊರು. ಮಣ್ಣಿನ ಗುಣ ತಿಳಿದವರನ್ನು ಹುಡುಕಿ ಬಹಳ ದೂರ ಹೋಗಬೇಕಾಗಿಲ್ಲ.

ಹೊಸಬರು ಮೊದಲೇ ಕೈಹಾಕಬಾರದ ಕೆಲಸಗಳೂ ಇವೆ ಎಂದು ಹೇಳಲು ಹಿಂಜರಿಯಬೇಕಿಲ್ಲ. ಬೀದರಿನ ಬಿದರಿ ಕಲೆಯಲ್ಲಿ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಬೀದರ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಿಂದ ಲೋಹವನ್ನು ಕಪ್ಪಾಗಿಸುತ್ತಾರೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಒಂದು ಗೆರೆ ಆಳ ತಪ್ಪಿದರೆ ಬೆಳ್ಳಿ ನಿಲ್ಲುವುದಿಲ್ಲ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿಯವರಂಥವರ ಕೈ ಜೀವಮಾನದ ಗಳಿಕೆ. ಚನ್ನಪಟ್ಟಣದ ಗೊಂಬೆಯೂ ನೋಡಲು ಸುಲಭ, ಮಾಡಲು ಅಲ್ಲ. ತಿರುಗುತ್ತಿರುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿದಾಗ ಉಜ್ಜಾಟದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ, ಆಮೇಲೆ ಕೇದಗೆ ಗರಿಯಿಂದ ಉಜ್ಜಿದರೆ ಹೊಳಪು. ಉಳಿ ಒಂದಿಷ್ಟು ಕೋನ ತಪ್ಪಿದರೆ ತುಂಡು ಸಿಡಿದು ಮುಖಕ್ಕೆ ಬರಬಹುದು. ಇವನ್ನು ಹೋಗಿ ನೋಡಬೇಕು, ಮಾಡುವವರ ಪಕ್ಕ ಅರ್ಧ ದಿನ ಕೂರಬೇಕು. ಒಂದು ಬೆಳಗಿನಲ್ಲಿ ಕಲಿತುಬಿಡುತ್ತೇವೆಂಬ ಆಸೆಯನ್ನು ಮಾತ್ರ ಬಿಡಬೇಕು. ರೆಸಿನ್‌ಗೆ ಈ ಗೌರವವೂ ಬೇಕಿಲ್ಲ. ಗಟ್ಟಿಯಾಗದ ಇಪಾಕ್ಸಿ ರೆಸಿನ್ ಚರ್ಮಕ್ಕೆ ತಾಗಿ ತಾಗಿ ಅಲರ್ಜಿ ಹುಟ್ಟಿಸುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಕಿಟಕಿಯೊಂದೇ ಇರುವ ಪಿಜಿ ಕೋಣೆಗಳಲ್ಲಿ ಅದನ್ನು ಕಲಸುವುದು ಹವ್ಯಾಸಕ್ಕೆ ತೆರಬಾರದ ಬೆಲೆ.

ಕೈಕೆಲಸ ಮನಸ್ಸಿನ ಒತ್ತಡ ಇಳಿಸುತ್ತದೆ ಎಂಬ ಮಾತು ಈಗ ಎಲ್ಲ ಜಾಹೀರಾತುಗಳಲ್ಲೂ ಇದೆ. ಸಾಕ್ಷ್ಯ ಎಷ್ಟಿದೆಯೋ ಅಷ್ಟೇ ಹೇಳುವುದು ಒಳ್ಳೆಯದು. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ಜನ 45 ನಿಮಿಷ ಮಣ್ಣು, ಬಣ್ಣ, ಕಾಗದಗಳೊಡನೆ ಕೆಲಸ ಮಾಡಿದರು. ಸುಮಾರು ನಾಲ್ಕರಲ್ಲಿ ಮೂರು ಪಾಲು ಜನರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಇಳಿದಿತ್ತು, ಮೊದಲೇ ಅನುಭವವಿದ್ದವರಿಗೂ ಇಲ್ಲದವರಿಗೂ ಅದರಲ್ಲಿ ಭೇದ ಕಾಣಲಿಲ್ಲ. ಆದರೆ ಹೋಲಿಸಿ ನೋಡಲು ಸುಮ್ಮನೆ ಕೂತವರ ಗುಂಪೊಂದು ಅಲ್ಲಿರಲಿಲ್ಲ. ಬ್ರಿಟನ್ನಿನ ಆಂಗ್ಲಿಯಾ ರಸ್ಕಿನ್ ವಿಶ್ವವಿದ್ಯಾಲಯದವರು 7,182 ಜನರ ಸಮೀಕ್ಷೆಯ ಉತ್ತರಗಳನ್ನು ಪರಿಶೀಲಿಸಿ, ಕೈಕೆಲಸದಲ್ಲಿ ತೊಡಗುವವರು ಬದುಕಿಗೆ ಅರ್ಥವಿದೆ ಎನ್ನುವುದು ಹೆಚ್ಚೆಂದು 2024ರಲ್ಲಿ ವರದಿ ಮಾಡಿದರು. ಕೈಕೆಲಸದಿಂದ ನೆಮ್ಮದಿ ಬಂತೋ, ನೆಮ್ಮದಿ ಇದ್ದವರು ಕೈಕೆಲಸಕ್ಕೆ ಬಂದರೋ ಎಂದು ಅಂಥ ಸಮೀಕ್ಷೆಯಿಂದ ತೀರ್ಮಾನಿಸಲಾಗದು. ನಿದ್ದೆ ಕೆಟ್ಟವರಿಗೆ, ಖಿನ್ನತೆಯಲ್ಲಿರುವವರಿಗೆ ಕ್ರೋಷಾ ಕಡ್ಡಿಯನ್ನು ಔಷಧಿಯೆಂದು ಕೊಡುವುದು ತಪ್ಪು. ಆದರೆ ಮೊದಲ ಅಧ್ಯಯನದಲ್ಲಿ ಒಂದು ಅಂಶ ನಮ್ಮ ವಾದಕ್ಕೆ ಸಲ್ಲುತ್ತದೆ: ಪ್ರಯೋಜನ ಪಡೆಯಲು ಕೈ ಪಳಗಿರಲೇಬೇಕೆಂದಿಲ್ಲ. ಚೆನ್ನಾಗಿ ಬರುವವರೆಗೆ ಕಾಯಬೇಕಾದ ಸುಖ ಇದಲ್ಲ.

ಇದಕ್ಕಿಂತ ಭಾರವಾದ ಆಕ್ಷೇಪ ಬಿಡುವಿನದು. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿ, ವಾರದ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗಿನ ದುಡಿಮೆಗೆ ದಾರಿ ಮಾಡಿತು. ಹನ್ನೆರಡು ಗಂಟೆ ನಿಂತು ದುಡಿದು, ಬಸ್ಸಿಗೆ ಕಾದು, ಮನೆಗೆ ಬಂದು ಒಲೆ ಹಚ್ಚುವ ಹೆಣ್ಣುಮಗಳಿಗೆ ಹವ್ಯಾಸದ ಮಾತು ಆಡುವವರು ಮೊದಲು ಆಕೆಯ ದಿನದ ಲೆಕ್ಕ ಹಾಕಬೇಕು. ಗಾರ್ಮೆಂಟ್ಸ್ ಲೈನಿನಲ್ಲಿ ಒಬ್ಬಾಕೆ ಕಾಲರ್ ಮಾತ್ರ ಹೊಲಿಯುತ್ತಾಳೆ, ಇನ್ನೊಬ್ಬಾಕೆ ಕಫ್ ಮಾತ್ರ. ಗಂಟೆಗಿಷ್ಟು ಎಂಬ ಟಾರ್ಗೆಟ್ ತಲೆಯ ಮೇಲಿರುತ್ತದೆ. ದಿನಕ್ಕೆ ನೂರಾರು ಅಂಗಿಗಳು ಕೈದಾಟಿ ಹೋದರೂ ಒಂದು ಅಂಗಿಯನ್ನು ಮೊದಲಿನಿಂದ ಕೊನೆಯವರೆಗೆ ಹೊಲಿದೆ ಎನ್ನುವಂತಿಲ್ಲ. ಆಕೆಗೆ ಸಂಜೆ ಮತ್ತೆ ಸೂಜಿ ಹಿಡಿ ಎನ್ನುವುದು ನಿರ್ದಯ. ದುಡಿಮೆಯ ಗಂಟೆ ಇಳಿಯದೆ ಹವ್ಯಾಸದ ಹಕ್ಕು ಎಲ್ಲರಿಗೂ ಸಿಗುವುದಿಲ್ಲ ಎಂಬುದನ್ನು ಒಪ್ಪಲೇಬೇಕು, ಈ ಆಕ್ಷೇಪಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಹೇಳಬಹುದಾದದ್ದು ಇಷ್ಟು. ಸಿಗುವ ಬಿಡುವು ಇಪ್ಪತ್ತು ನಿಮಿಷದ್ದಾದರೆ, ಇಪ್ಪತ್ತು ನಿಮಿಷದಲ್ಲಿ ಎತ್ತಿ ಇಡಬಹುದಾದ ಕೆಲಸವೇ ಬೇಕು. ಚೀಲದಲ್ಲಿ ಹಿಡಿಸುವ, ಮೆಟ್ರೋದಲ್ಲಿ ಕೂತು ಎರಡು ಸಾಲು ಹಾಕಿ ನಿಲ್ಲಿಸಬಹುದಾದ ಹೆಣಿಗೆ, ಕಸೂತಿಗಳು ಆ ಬಗೆಯವು. ಮಣ್ಣು ಹಾಗಲ್ಲ, ಅದು ಜಾಗವನ್ನೂ ನೀರನ್ನೂ ಅರ್ಧ ದಿನವನ್ನೂ ಕೇಳುತ್ತದೆ.

ಕಸುಬಿನವರ ಹೊಟ್ಟೆಯ ಮೇಲೆ ಹವ್ಯಾಸಿಗಳು ಹೊಡೆಯುತ್ತಾರೆಂಬ ಆತಂಕವೂ ಇದೆ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ನೇಕಾರರು ಮತ್ತು ಸಂಬಂಧಿತ ಕೆಲಸಗಾರರು ಸುಮಾರು 35 ಲಕ್ಷ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಗಳಿಗೆ ತೆರಿಗೆಯೇ ಬೇಡವೆಂದು ರಂಗಕರ್ಮಿ ಪ್ರಸನ್ನ ಸತ್ಯಾಗ್ರಹ ಹೂಡಿ ಉಪವಾಸ ಕೂತರು. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ‘ಚರಕ’ ಸಂಸ್ಥೆಯ ಹೆಣ್ಣುಮಕ್ಕಳ ಜೊತೆ ಕೈಮಗ್ಗ ನಡೆಸಿದ ಅನುಭವ ಅವರ ಬೆನ್ನಿಗಿತ್ತು. ಅಷ್ಟು ಕಷ್ಟದಲ್ಲಿರುವವರ ನಡುವೆ ಸಂಬಳದ ಜನ ವಾರಾಂತ್ಯದಲ್ಲಿ ಆಡುವ ಆಟಕ್ಕೆ ಕೈಕೆಲಸವೆಂಬ ಹೆಸರು ಏಕೆ? ಅಪಾಯ ನಿಜವಾಗಿ ಇರುವುದು ಹವ್ಯಾಸಿ ಮೂರೇ ತಿಂಗಳಲ್ಲಿ ಇನ್‌ಸ್ಟಾಗ್ರಾಮಿನಲ್ಲಿ ಅಂಗಡಿ ತೆರೆದಾಗ. ಬಾಡಿಗೆಯ ಚಿಂತೆ ಇಲ್ಲದವರು ದಾರದ ಬೆಲೆಗಷ್ಟೇ ವಸ್ತು ಮಾರಿದರೆ, ಅದರಿಂದಲೇ ಬದುಕುವವರ ಕೂಲಿ ಕುಸಿಯುತ್ತದೆ. ಮಾರಲು ಹೊರಟ ಕೂಡಲೇ ಹವ್ಯಾಸಿಗೂ ನಷ್ಟ. ತಪ್ಪು ಮತ್ತೆ ದುಬಾರಿಯಾಗುತ್ತದೆ, ಗಿರಾಕಿ ಒಪ್ಪುವ ಒಂದೇ ಮಾದರಿಯನ್ನು ಮಾಡುತ್ತಾ ಕೂರಬೇಕಾಗುತ್ತದೆ. ಮಾರದೆ ಇದ್ದಾಗ ಮಾತ್ರ ಪರಿಣಾಮ ಬೇರೆ. ಮಂಗಳೂರಿನಲ್ಲಿ ಹುಟ್ಟಿ, 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತ ಕಮಲಾದೇವಿ ಚಟ್ಟೋಪಾಧ್ಯಾಯರು ಜೀವನವಿಡೀ ಮಾಡಿದ್ದು ಕುಶಲಕರ್ಮಿಗೂ ಕೊಳ್ಳುವವರಿಗೂ ನಡುವಿನ ಸಂಬಂಧವನ್ನು ಮತ್ತೆ ಕಟ್ಟುವ ಕೆಲಸವನ್ನು. ಗಾವಂತಿಯ ಎಳೆಗಳನ್ನು ಒಂದು ಸಂಜೆ ಎಣಿಸಿ ಸೋತವರು ಕಸೂತಿ ಸೀರೆಯನ್ನು ಕೈಗೆತ್ತಿಕೊಂಡಾಗ ಮೊದಲು ಅದರ ಹಿಂಬದಿಯನ್ನು ನೋಡುತ್ತಾರೆ. ಯಂತ್ರದ ಕಸೂತಿಗೆ ಆ ಹಿಂಬದಿ ಇರುವುದಿಲ್ಲ. ಅಂಥವರಿಗೆ ಅದು ಏಕೆ ಅಷ್ಟು ಬೆಲೆ ಎಂದು ವಿವರಿಸಬೇಕಾಗುವುದಿಲ್ಲ.

ಸಾಮಗ್ರಿ ಹುಡುಕುವುದು ಈಗ ಮೊದಲಿನಷ್ಟು ಪಡಿಪಾಟಲಲ್ಲ. ಪೀಣ್ಯದಿಂದ ಹಸಿರು ಮಾರ್ಗದ ಮೆಟ್ರೋ ನೇರವಾಗಿ ಚಿಕ್ಕಪೇಟೆಗೆ ಬರುತ್ತದೆ. ವೈಟ್‌ಫೀಲ್ಡಿನವರು ಮೆಜೆಸ್ಟಿಕ್‌ನಲ್ಲಿ, 2025ರ ಆಗಸ್ಟ್‌ನಿಂದ ಹಳದಿ ಮಾರ್ಗ ಸಿಕ್ಕಿರುವ ಎಲೆಕ್ಟ್ರಾನಿಕ್ ಸಿಟಿಯವರು ಆರ್.ವಿ. ರಸ್ತೆಯಲ್ಲಿ ಗಾಡಿ ಬದಲಿಸಿದರೆ ಅದೇ ಚಿಕ್ಕಪೇಟೆ. ದಾರ, ಮಣಿ, ಸೂಜಿ, ಬಟ್ಟೆ ಅಲ್ಲಿನ ಗಲ್ಲಿಗಳಲ್ಲಿ ಚಿಲ್ಲರೆಯಾಗಿ ಸಿಗುತ್ತವೆ, ಅವೆನ್ಯೂ ರಸ್ತೆಯಲ್ಲಿ ಕಾಗದ. ಹದಿನೆಂಟು ಬಣ್ಣದ ಕಿಟ್ ಬೇಡ, ಎರಡು ಉಂಡೆ ದಾರ ಸಾಕು. ದಾರ ಕಪ್ಪು ಬಣ್ಣದ್ದಾಗಿರಬಾರದು, ಕುಣಿಕೆ ಕಣ್ಣಿಗೆ ಕಾಣುವುದಿಲ್ಲ.

ಸಾಮಗ್ರಿಗಿಂತ ಗುರುವಿನದು ದೊಡ್ಡ ಪ್ರಶ್ನೆ. ವಿಡಿಯೋ ನೋಡಿ ಕಲಿಯಬಹುದು, ಆದರೆ ವಿಡಿಯೋ ಕಲಿಯುವವರ ಕೈ ನೋಡುವುದಿಲ್ಲ. ಕೊನೆಯ ಕುಣಿಕೆ ಬಿಟ್ಟಿತೆಂದು ಬೆರಳಿಟ್ಟು ತೋರಿಸಲು ಪಕ್ಕದಲ್ಲಿ ಒಬ್ಬರು ಬೇಕು. ಅಂಥವರು ಈ ಹೊರವಲಯದಲ್ಲಿ ನಾವು ಎಣಿಸಿದ್ದಕ್ಕಿಂತ ಹೆಚ್ಚು ಜನ ಇದ್ದಾರೆ. ಉತ್ತರ ಕರ್ನಾಟಕದ ಊರುಗಳಿಂದ ಕೆಲಸ ಹುಡುಕಿ ಬಂದ ಕುಟುಂಬಗಳು ಪೀಣ್ಯ, ಬೊಮ್ಮಸಂದ್ರ, ಕಾಡುಗೋಡಿಯ ಸಣ್ಣ ಬಾಡಿಗೆ ಮನೆಗಳಲ್ಲಿವೆ, ಕೌದಿ ಹೊಲಿಯುವುದನ್ನು ತಾಯಿಯಿಂದ ಕಲಿತ ಹೆಂಗಸರು ಆ ಮನೆಗಳಲ್ಲಿದ್ದಾರೆ. ಅಪಾರ್ಟ್‌ಮೆಂಟಿನ ಕಾರಿಡಾರ್ ಗುಡಿಸುವಾಕೆಗೆ ಆ ವಿದ್ಯೆ ಗೊತ್ತಿರಬಹುದು, ಅದೇ ಕಾರಿಡಾರಿನಲ್ಲಿ ಬಾಗಿಲು ತೆರೆಯುವವರು ಆಕೆಯನ್ನು ಎಂದೂ ಕೇಳಿರುವುದಿಲ್ಲ. ನಿವೃತ್ತ ಫಿಟ್ಟರ್ ಒಬ್ಬರಿಗೆ ಉಳಿ ಮಸೆಯುವುದು, ಅರ ಹಿಡಿಯುವುದು ಕಣ್ಣು ಮುಚ್ಚಿಕೊಂಡು ಬರುತ್ತದೆ. ಕೆಫೆಯ ವರ್ಕ್‌ಶಾಪಿಗೆ ಚೌಕಾಸಿ ಮಾಡದೆ ಕೊಡುವ ಫೀಸನ್ನು ಇವರಿಗೂ ಕೊಡಬೇಕು. ಅದು ಟಿಪ್ಸ್ ಅಲ್ಲ, ಹಬ್ಬದ ಬಕ್ಷೀಸೂ ಅಲ್ಲ, ಕಲಿಸುವವರಿಗೆ ಸಲ್ಲುವ ಸಂಬಳ. ಗಂಟೆಗಿಷ್ಟು ಎಂದು ಮೊದಲೇ ಮಾತಾಡಿಕೊಂಡು, ಕ್ಲಬ್‌ಹೌಸಿನ ಕುರ್ಚಿಯಲ್ಲಿ ಎದುರುಬದುರು ಕೂತು, ‘ಅಕ್ಕಾ, ಈ ಮೂಲೆ ಹೇಗೆ ತಿರುಗಿಸೋದು’ ಎಂದು ಕೇಳಬೇಕು.